ದಫೇದಾರ್ ನರಸಿಂಹಯ್ಯನ ಮೂಗು

ಹೆಬ್ಬಾಳದ ಕೆರೆ ಏರಿ ಶುರುವಾಗುವ ಕಡೆ, ಹೊಂಗೆ ಮರದ ಕೆಳಗೆ ಒಂದು ತಗಡಿನ ಚೌಕಿ ಇತ್ತು. ಅದರ ಮುಂದೆ ಬಿಸಿಲಿರಲಿ ಮಳೆಯಿರಲಿ ನಿಂತಿರುತ್ತಿದ್ದವನು ದಫೇದಾರ್ ನರಸಿಂಹಯ್ಯ. ಲಾರಿಯವರ ಬಾಯಲ್ಲಿ ಅವನು ಮೂಗಿನ ದಫೇದಾರ. ಈರುಳ್ಳಿ ಅಗಿದು ಬಂದರೂ, ಲವಂಗ ಕಚ್ಚಿಕೊಂಡು ಬಂದರೂ, ಅವನ ಮುಂದೆ ಒಂದು ಸಲ ಉಸಿರು ಬಿಟ್ಟರೆ ಮುಗಿಯಿತು. ಕುಡಿದದ್ದು ಹೆಂಡವೋ ಸಾರಾಯಿಯೋ ಎಂಬುದನ್ನೂ ಹೇಳಿಬಿಡುತ್ತಿದ್ದ. ಕುಡಿದು ಗಾಡಿ ಓಡಿಸುವವರನ್ನು ಹಿಡಿಯಲು ಆ ಚೌಕಿಯಲ್ಲಿ ಇದ್ದ ಉಪಕರಣ ಅದೊಂದೇ. ಕೋರ್ಟಿನಲ್ಲೂ ಆ ಮೂಗಿಗೆ ಮರ್ಯಾದೆ ಇತ್ತು.

ಅರವತ್ತೊಂದನೇ ಇಸವಿಯ ಆರಂಭದಲ್ಲಿ, ಗಾಡಿ ಕಲಿಯುತ್ತಿದ್ದವನೊಬ್ಬ ಕುಡಿದು ಬಂದು ಬ್ಯಾಟರಾಯನಪುರದ ಹತ್ತಿರ ಎತ್ತಿನ ಗಾಡಿಗೆ ಗುದ್ದಿದ. ಎತ್ತು ಸತ್ತಿತು, ಊರು ರಸ್ತೆಗೆ ಬಂತು. ಇನ್ಸ್‌ಪೆಕ್ಟರ್ ಸಾಹೇಬರು ಚೌಕಿಗಳಿಗೆಲ್ಲ ಬಾಯಿಮಾತಿನಲ್ಲೇ ಹುಕುಂ ಹೊರಡಿಸಿದರು: ಎಲ್ ಬೋರ್ಡಿನವನ ಬಾಯಲ್ಲಿ ವಾಸನೆ ಬಂದರೆ ಅವನ ಪರವಾನಗಿ ಕಿತ್ತುಕೊಳ್ಳಿ, ಮತ್ತೆ ಅವನು ಸ್ಟಿಯರಿಂಗ್ ಮುಟ್ಟಕೂಡದು. ಹುಕುಂ ಏನೋ ಒಂದೇ, ಆದರೆ ಚೌಕಿಗೊಂದು ಅರ್ಥ. ಒಂದು ಕಡೆ ಲಾರಿ ಮಾತ್ರ ನಿಲ್ಲಿಸುತ್ತಿದ್ದರು, ಇನ್ನೊಂದು ಕಡೆ ಪಂಚೆ ಉಟ್ಟವರನ್ನು ಮಾತ್ರ. ದೊಡ್ಡ ಮನೆಯ ಮಕ್ಕಳು ಎಲ್ ಬೋರ್ಡ್ ಕಟ್ಟಿದ ಕಾರಿನಲ್ಲಿ ಹಾಡು ಹೇಳಿಕೊಂಡು ಬಂದರೆ ಎಲ್ಲ ಕಡೆಯೂ ಸಲಾಮು. ಇನ್ನು ಪೂರಾ ಲೈಸೆನ್ಸ್ ಇದ್ದ ಹಳಬರ ವಿಷಯದಲ್ಲಿ ಹುಕುಂ ತುಟಿ ಬಿಚ್ಚಲಿಲ್ಲ. ಅವರ ಕೈ ಪಳಗಿದೆ, ಎಷ್ಟು ಕುಡಿದರೂ ಪರವಾಗಿಲ್ಲ ಎಂಬುದು ಸಾಹೇಬರ ಲೆಕ್ಕಾಚಾರ.

ಇಷ್ಟು ಅಧ್ವಾನ ಸಾಲದೆಂಬಂತೆ, ಆ ಸಂಕ್ರಾಂತಿಯ ಹೊತ್ತಿಗೆ ಬಂದ ನೆಗಡಿ ಜ್ವರ ನರಸಿಂಹಯ್ಯನ ಮೂಗನ್ನು ಕೊಂದುಹಾಕಿತ್ತು.

ಅದನ್ನು ಮೊದಲು ಕಂಡುಹಿಡಿದವಳು ಹೆಂಡತಿ ವೆಂಕಟಲಕ್ಷ್ಮಮ್ಮ. ಹಿತ್ತಿಲಿಗೆ ಹೋಗಿ ಬರುವಷ್ಟರಲ್ಲಿ ಒಲೆಯ ಮೇಲಿನ ಹುರುಳಿಕಾಳು ಸೀದು ಕರಕಲಾಗಿತ್ತು. ಗಂಡ ಪಕ್ಕದಲ್ಲೇ ಕೂತು ಬೂಟಿಗೆ ಪಾಲಿಷ್ ಹಾಕುತ್ತಿದ್ದ. ಅವಳು ಬಯ್ಯಲು ಬಾಯಿ ತೆಗೆದವಳು, ಅವನ ಮುಖ ನೋಡಿ ಡಬ್ಬಗಳ ಕಡೆ ತಿರುಗಿದಳು. ಅವನ ಮೂಗಿಗೆ ಕರ್ಪೂರ ಹಿಡಿದಳು, ಇಂಗು ಹಿಡಿದಳು. ಏನೂ ಇಲ್ಲ. ಸಾಹೇಬರಿಗೆ ಹೇಳಿಬಿಡಿ ಎಂದಳು. ಅವನು ಹೇಳಲಿಲ್ಲ. ಮೂಗಿಲ್ಲದ ದಫೇದಾರನನ್ನು ಆ ಚೌಕಿಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಯಾವುದೋ ಉಗ್ರಾಣದ ಕಾವಲಿಗೆ ತಳ್ಳಿಬಿಡುತ್ತಾರೆ. ರಸ್ತೆಯಲ್ಲಿ ಇಷ್ಟು ವರ್ಷ ತಲೆಯೆತ್ತಿ ನಿಂತವನಿಗೆ ಅದು ಸಾವಿನಷ್ಟೇ ಕಷ್ಟ.

ಹಾಗಾಗಿ ಅವನು ಮೂಗು ಬಿಟ್ಟು ಮುಖ ನೋಡತೊಡಗಿದ. ಊದು ಎಂದಾಗ ಯಾರು ನಡುಗಿದರೋ ಅವರು ಕುಡಿದವರು, ಯಾರು ಧೈರ್ಯವಾಗಿ ಊದಿದರೋ ಅವರು ಕುಡಿದಿಲ್ಲ. ಪೊಲೀಸರನ್ನು ಹತ್ತಿರದಿಂದ ಕಾಣದ ಬಡಪಾಯಿಗಳು ಸುಮ್ಮಸುಮ್ಮನೆ ನಡುಗುತ್ತಾರೆ, ದಿನಾ ಕುಡಿಯುವವರು ನಡುಗುವುದಿಲ್ಲ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಕೆಲವರ ಪರವಾನಗಿ ಕಿತ್ತುಕೊಂಡಿದ್ದ. ಅವರಲ್ಲಿ ಒಬ್ಬ, ಅಟ್ಟೂರಿನವನು, ರಸ್ತೆಯಲ್ಲೇ ಕೂತು ಅತ್ತಿದ್ದ.

ರಂಜಾನ್ ತಿಂಗಳ ಒಂದು ಸಂಜೆ, ಬಿಸಿಲು ಇಳಿಯುವ ಮುಂಚೆ, ಯಲಹಂಕದ ಕಡೆಯಿಂದ ಜಲ್ಲಿ ತುಂಬಿದ ಲಾರಿಯೊಂದು ಬಂತು. ಮುಂದೆ ಕೆಂಪು ಬಣ್ಣದ ಎಲ್ ಬೋರ್ಡು. ಸ್ಟಿಯರಿಂಗ್ ಹಿಡಿದಿದ್ದವನು ಯಶವಂತಪುರದ ಮೊಯಿನುದ್ದೀನ್. ಜಟಕಾ ಹೊಡೆಯುತ್ತಿದ್ದವನು, ಜಟಕಾ ಹತ್ತುವವರು ಕಡಿಮೆಯಾದ ಮೇಲೆ ಕುದುರೆ ಮಾರಿ ಲಾರಿ ಕಲಿಯಲು ಬಂದಿದ್ದ. ಪಕ್ಕದಲ್ಲಿ ಕೂತಿದ್ದವನು ಅವನಿಗೆ ಕಲಿಸುತ್ತಿದ್ದ ಹಳೆಯ ಡ್ರೈವರ್ ಚಿಕ್ಕಬೈರಪ್ಪ. ಚೌಕಿಯ ನೆರಳಲ್ಲಿ ಅವತ್ತು ಸಾಹೇಬರ ಜೀಪೂ ನಿಂತಿತ್ತು. ಸಾಹೇಬರು ಕುರ್ಚಿಯಲ್ಲಿ ಕೂತು ಎಳನೀರು ಕುಡಿಯುತ್ತಿದ್ದರು.

ನರಸಿಂಹಯ್ಯ ಕೈ ಅಡ್ಡ ಹಿಡಿದ. ಮೊಯಿನುದ್ದೀನ್ ಇಳಿದು ಬಂದ. ಒಣಗಿದ ತುಟಿ, ಕೆಂಪು ಕಣ್ಣು. ಊದು ಎಂದಾಗ ಅವನ ಮೊಣಕಾಲು ನಡುಗಿದ್ದು ಪಂಚೆಯ ಮೇಲೇ ಕಾಣುತ್ತಿತ್ತು.

ಏನು ಎಂದು ಸಾಹೇಬರು ಕೂತಲ್ಲಿಂದಲೇ ಕೇಳಿದರು. ನರಸಿಂಹಯ್ಯನ ಬಾಯಿಂದ ಅಭ್ಯಾಸ ಬಲದಿಂದ ಬಂದುಬಿಟ್ಟಿತು.

"ಸಾರಾಯಿ, ಸಾರ್."

ಮೊಯಿನುದ್ದೀನ್ ಅವನ ಮುಖವನ್ನೇ ನೋಡಿದ. ನಡುಕ ನಿಂತುಹೋಯಿತು.

"ರೋಜಾ ಇದೀನಿ ಸ್ವಾಮಿ," ಎಂದ. "ಬೆಳಿಗ್ಗೆಯಿಂದ ಎಂಜಲು ಕೂಡ ನುಂಗಿಲ್ಲ."

ನರಸಿಂಹಯ್ಯ ಆ ಮುಖವನ್ನು ಇನ್ನೊಮ್ಮೆ ನೋಡಿದ. ಆ ಕಣ್ಣು ಕೆಂಪಾದದ್ದು ಹಸಿವಿಗೆ, ತುಟಿ ಒಣಗಿದ್ದು ನೀರಿಲ್ಲದೆ. ಸಾಹೇಬರು ನಕ್ಕರು. ಎದ್ದು ಬಂದು ಲಾರಿಯ ಬಾಗಿಲಿನಿಂದ ತಲೆ ಒಳಗೆ ಹಾಕಿ, ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಒಳಗೆಲ್ಲ ಗಬ್ಬೆಂದು ಹೊಡೆಯುತ್ತಿದೆ, ಇವನು ಉಪವಾಸದ ಕಥೆ ಹೇಳುತ್ತಾನೆ, ನಮ್ಮ ದಫೇದಾರರ ಮೂಗು ಸುಳ್ಳಾಗುವುದುಂಟೇ ಎಂದರು. ಪರವಾನಗಿ ಇಸಿದುಕೊಳ್ಳಲು ಹೇಳಿದರು.

ಹಾಗಾದರೆ ಒಳಗೆ ಕುಡಿದವರು ಯಾರೋ ಇದ್ದಾರೆ. ನರಸಿಂಹಯ್ಯ ತಲೆಯೆತ್ತಿದ. ಚಿಕ್ಕಬೈರಪ್ಪ ಹೆಗಲ ಮೇಲಿನ ವಲ್ಲಿಯನ್ನು ಬಾಯಿಗೆ ಅಡ್ಡ ಹಿಡಿದು ಕೆರೆಯ ಕಡೆ ನೋಡುತ್ತಿದ್ದ. ಮೊಯಿನುದ್ದೀನ್ ಅವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕೆಲಸ ಕಲಿಸಿದ ಉಸ್ತಾದನನ್ನು ಪೊಲೀಸರ ಮುಂದೆ ಹಿಡಿದುಕೊಡುವ ಮಾತು ಅವನ ಜಾಯಮಾನದಲ್ಲೇ ಇರಲಿಲ್ಲ. ಅವನು ಜೇಬಿನಿಂದ ಪರವಾನಗಿಯನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ನಿಂತ.

ಸುಮ್ಮನೆ ಇಸಿದುಕೊಂಡರೆ ಮುಗಿದುಹೋಗುತ್ತಿತ್ತು. ಮೂಗಿನ ಗುಟ್ಟು ಗುಟ್ಟಾಗಿಯೇ ಉಳಿಯುತ್ತಿತ್ತು, ಸಾಹೇಬರ ಮುಂದೆ ಹೆಸರು ಇನ್ನಷ್ಟು ಬೆಳೆಯುತ್ತಿತ್ತು. ನರಸಿಂಹಯ್ಯ ಕೈ ಚಾಚಿದ. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಸಾಹೇಬರನ್ನು ಮರದ ಆಚೆಗೆ ಕರೆದು, ತಾವೇ ಒಂದು ಸಲ ಅವನನ್ನು ಊದಿಸಿ ನೋಡಬೇಕು ಎಂದು ಬೇಡಿಕೊಂಡ. ಲಾರಿಯವನ ಬಾಯಿ ಮೂಸುವುದಕ್ಕೆ ನಾನು ಬೇಕೇ, ಮತ್ತೆ ನಿಮ್ಮನ್ನು ಯಾಕೆ ಇಟ್ಟಿದೆ ಎಂದು ಅವರು ರೇಗಿದರು.

"ನಂಗೆ ಸಂಕ್ರಾಂತಿಯಿಂದ ಯಾವ ವಾಸ್ನೆನೂ ಬರ್ತಿಲ್ಲ, ಸಾರ್."

ಸಾಹೇಬರು ಸುತ್ತ ಒಂದು ಸಲ ನೋಡಿದರು. ಆಮೇಲೆ ದನಿ ತಗ್ಗಿಸಿ, ಈ ಮಾತು ಹೊರಗೆ ಬಂದರೆ ಕೋರ್ಟಿನಲ್ಲಿರುವ ಕೇಸುಗಳ ಗತಿ ಏನು, ನನ್ನ ಗತಿ ಏನು ಎಂದರು. ಎಂದಿನಂತೆ ಇದೇ ಜಾಗದಲ್ಲಿ ಬಾಯಿ ಮುಚ್ಚಿಕೊಂಡು ನಿಂತಿರಿ ಎಂದರು. ವಾಪಸು ಬಂದವರೇ ಮೊಯಿನುದ್ದೀನನಿಗೆ ಹೋಗು ಎಂದು ಕೈಬೀಸಿದರು. ಆದರೆ ಎಲ್ ಬೋರ್ಡಿನವನು ಓಡಿಸುವುದು ಬೇಡ, ಲೈಸೆನ್ಸ್ ಇರುವವನು ಓಡಿಸಲಿ ಎಂದರು.

ಚಿಕ್ಕಬೈರಪ್ಪ ಇಳಿದ. ಬಾನೆಟ್ಟನ್ನು ತಡವಿಕೊಂಡು ಆ ಕಡೆಗೆ ಬಂದ. ಮೆಟ್ಟಿಲಿಗೆ ಇಟ್ಟ ಕಾಲು ಒಂದು ಸಲ ಜಾರಿತು. ಮುಂದೆ ಕಿರಿದಾದ ಏರಿ, ಒಂದು ಪಕ್ಕ ತುಂಬಿದ ಕೆರೆ, ದನ ಹೊಡೆದುಕೊಂಡು ಮನೆಗೆ ಹೋಗುವ ಹೊತ್ತು.

"ಸಾರ್, ಅವ್ನು ಕುಡ್ದಿದಾನೆ," ಎಂದ ನರಸಿಂಹಯ್ಯ.

"ಈಗ ತಾನೆ ಮೂಗಿಲ್ಲ ಅಂದ್ರಲ್ರೀ."

ಲಾರಿ ಗುಡುಗುಡು ಎಂದಿತು. ನರಸಿಂಹಯ್ಯ ರಸ್ತೆಯ ನಟ್ಟನಡುವೆ ಹೋಗಿ ನಿಂತ. ಬಾನೆಟ್ಟಿನ ಬಿಸಿ ಎದೆಗೆ ತಗಲುವಷ್ಟು ಹತ್ತಿರಕ್ಕೆ ಬಂದು ಲಾರಿ ನಿಂತಿತು. ಸಾಹೇಬರು ಕೂಗಿದರು, ಅವನು ಕದಲಲಿಲ್ಲ. ಹಿಂದೆ ಬಂದ ಬಸ್ಸು ಹಾರ್ನ್ ಹೊಡೆಯಿತು, ಗಾಡಿಗಳು ಸಾಲುಗಟ್ಟಿದವು, ಜನ ಇಳಿದು ಬಂದರು. ಅಷ್ಟು ಜನರ ಮುಂದೆ ಚಿಕ್ಕಬೈರಪ್ಪ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದ. ಸಾಹೇಬರು ಬೇರೆ ದಾರಿ ಕಾಣದೆ ಲಾರಿಯ ಬೀಗದ ಕೈ ಇಸಿದುಕೊಂಡರು. ರೋಜಾ ಬಿಡುವ ಹೊತ್ತಾದಾಗ ಮೊಯಿನುದ್ದೀನ್ ಚೌಕಿಯ ಹೂಜಿಯಿಂದಲೇ ನೀರು ಕುಡಿದ.

ಆ ವಾರವೇ ನರಸಿಂಹಯ್ಯನಿಗೆ ಉಗ್ರಾಣದ ಕಾವಲಿಗೆ ವರ್ಗವಾಯಿತು. ಚೌಕಿಗೆ ಬೇರೊಬ್ಬ ಬಂದ. ಅವನ ಮೂಗು ಚುರುಕಾಗಿತ್ತಂತೆ, ಆದರೆ ದೊಡ್ಡ ಮನೆಯ ಕಾರುಗಳಿಗೆ ಅವನೂ ಸಲಾಮು ಹೊಡೆಯುತ್ತಿದ್ದನಂತೆ.

ರಂಜಾನ್ ಹಬ್ಬದ ದಿನ ಮೊಯಿನುದ್ದೀನ್ ಮನೆ ಹುಡುಕಿಕೊಂಡು ಬಂದ. ನಮ್ಮಲ್ಲಿ ಬೇಯಿಸಿದ್ದನ್ನು ನೀವು ತಿನ್ನುತ್ತೀರೋ ಇಲ್ಲವೋ ಎಂದು ಸಂಕೋಚಪಟ್ಟು, ಒಣ ಶಾವಿಗೆ, ಸಕ್ಕರೆ, ದ್ರಾಕ್ಷಿ, ಏಲಕ್ಕಿ ಎಲ್ಲವನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿ ತಂದಿದ್ದ. ಟೆಸ್ಟು ಪಾಸಾಯಿತು ಎಂದು ಹೇಳಿ, ಕೂತುಕೊಳ್ಳದೆ ಹೊರಟುಹೋದ.

ವೆಂಕಟಲಕ್ಷ್ಮಮ್ಮ ಪಾಯಸ ಕಾಯಿಸಿದಳು. ನರಸಿಂಹಯ್ಯ ಒಲೆಯ ಪಕ್ಕ ಕೂತು, ವಾಸನೆ ಹೇಗಿದೆ ಎಂದು ಕೇಳಿದ. ತುಪ್ಪದಲ್ಲಿ ಹುರಿದ ಶಾವಿಗೆಯದು ಮೊದಲು ಬರುತ್ತದೆ, ಏಲಕ್ಕಿಯದು ಆಮೇಲೆ ಎಂದು ಅವಳು ಮಗುವಿಗೆ ಹೇಳುವಂತೆ ಹೇಳಿದಳು. ಅವನು ಬಟ್ಟಲು ಕೈಗೆ ತೆಗೆದುಕೊಂಡ. ರಸ್ತೆಯಲ್ಲಿ ಕೂತು ಅತ್ತಿದ್ದ ಅಟ್ಟೂರಿನವನೂ ಅವತ್ತು ಬರೀ ಹೆದರಿಕೆಯಿಂದಲೇ ನಡುಗಿದ್ದನೋ ಏನೋ. ಅವನ ಹೆಸರು ಕೂಡ ನರಸಿಂಹಯ್ಯನಿಗೆ ನೆನಪಾಗಲಿಲ್ಲ.