ಡ್ರಮ್ಮಿನ್ಯಾಗಿನ ಸೊಳ್ಳಿ ಮರಿ

ದೋಸ್ತರೇ, ಇವತ್ತು ಮುಂಜಾನಿ ನಮ್ಮ ಶಹಾಪುರದ ರೂಮಿನ್ಯಾಗ ಸೊಳ್ಳಿ ಸಲುವಾಗಿ ಜಗಳ ಆತು. ಕಾಲುವಿ ಬಂದ್ ಆದಾಗಿಂದ ನಳಾ ಸರಿಯಾಗಿ ಬರವಲ್ದು, ಅದಕ್ಕ ಡ್ರಮ್ಮಿನ್ಯಾಗ ನೀರು ತುಂಬಿಟ್ಟೀವಿ. ಮುಚ್ಚಳ ತೆಗೆದ್ರ ಒಳಗ ಸೊಳ್ಳಿ ಮರಿ ಕುಣ್ಯಾಕತ್ತಿದ್ವು.

“ಅನಾಫಿಲಿಸ್! ಮಲೇರಿಯಾ!” ಅಂದ್ಲು ನನ್ನ ಜೋಡಿ ಪರೀಕ್ಷಿಗೆ ಓದೋ ಕೆಂಭಾವಿ ರೇಣುಕಾ.

“ಅವು ನೀರಿನ ಮ್ಯಾಲ ಅಡ್ಡ ಮಲಗ್ತಾವ. ಇವು ತಲಿ ಕೆಳಗ ಮಾಡಿ ಜೋತಾಡಾಕತ್ತಾವ ನೋಡು. ಈಡಿಸ್! ಡೆಂಗಿ!” ಅಂದೆ ನಾ.

ಪುಸ್ತಕ ಬಂತು, ಟಾರ್ಚ್ ಬಂತು. ನಿನ್ನಿಯಿಂದ ಜ್ವರ ಬಂದು ಕೌದಿ ಹೊಚ್ಚಿ ಮಲಗಿದ್ದ ನಮ್ಮ ರೂಮಿನ ಇನ್ನೊಬ್ಬ ಗೆಳತಿ ಮಹಾದೇವಿ, “ಯವ್ವಾ, ಮೊದಲು ಆ ನೀರು ಚೆಲ್ರೇ” ಅಂದ್ಲು.

“ತಡಿಯೇ, ಐತಾರ ಪರೀಕ್ಷಿ ಅದ. ಇದನ್ನ ಕೇಳೇ ಕೇಳ್ತಾರ!” ಅಂತ ಇಬ್ರೂ ಕೂಡೇ ಒದರಿದ್ವಿ.

ಮಧ್ಯಾಹ್ನ ಆಕಿಗೆ ಎದ್ದು ನಿಂದ್ರಾಕ ಆಗಲಿಲ್ಲ. ಆವಾಗ ಡ್ರಮ್ ಉರುಳಿಸಿದ್ವಿ.

ಈಗ ದವಾಖಾನ್ಯಾಗ ಇದ್ದೀವಿ. ರಕ್ತ ತಗೊಂಡಾರ, ರಿಪೋರ್ಟ್ ಇನ್ನೂ ಬರವಲ್ದು. ನನಗ ಒಂದು ಕಡಿ ಕುಂದ್ರಾಕ ಆಗವಲ್ದು, ಘಳಿಗಿಗೊಮ್ಮೆ ರಿಪೋರ್ಟ್ ಕೊಡೋ ಕಿಡಕಿಗೆ ಹೋಗಿ ಕೇಳಾಕತ್ತೀನಿ. ಯಾವಾಗ್ಲೂ ‘ನಂದೇ ಸರಿ’ ಅನ್ನೋ ನಾವಿಬ್ರೂ ಇವತ್ತು, ಇಬ್ಬರ ಉತ್ತರಾನೂ ತಪ್ಪಾಗ್ಲಿ ಅಂತ ದೇವರಿಗೆ ಕೈ ಮುಗಿಯಾಕತ್ತೀವಿ.