ದಾಸವಾಳದ ಕುಂಡದಲ್ಲಿ ಕೆಂಪು ಮಾತ್ರೆ

ವಿಜಯನಗರದ ಕಡೆ ಮೆಟ್ರೋ ಕಂಬಗಳು ಇನ್ನೂ ಅರ್ಧಕ್ಕೇ ನಿಂತಿದ್ದ ದಿನಗಳವು. ಚಂದ್ರಾ ಲೇಔಟಿನ ನಮ್ಮ ಬಾಡಿಗೆ ಮನೆಯ ಅಂಗಳದಲ್ಲಿ ಕುಂಟಾಬಿಲ್ಲೆಯ ಮನೆ ಬರೆಯುವಷ್ಟು ಜಾಗವಿತ್ತು. ನನಗಾಗ ಹತ್ತು ವರ್ಷ. ಅಮ್ಮ ಅಂಗನವಾಡಿ ಟೀಚರು. ಮಕ್ಕಳಿಗೆ ಉಪ್ಪಿಟ್ಟು ಹಂಚುವುದಲ್ಲದೆ ಅವಳಿಗೆ ಇನ್ನೊಂದು ಕೆಲಸವೂ ಇತ್ತು: ಟಿ.ಬಿ. ಬಂದವರಿಗೆ ಆಸ್ಪತ್ರೆಯ ಮಾತ್ರೆಗಳನ್ನು ಕಣ್ಣೆದುರೇ ನುಂಗಿಸುವುದು. ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಡಬ್ಬ, ಅದರ ಮೇಲೆ ಅವರ ಹೆಸರು.

ಆ ಬೇಸಿಗೆ ರಜೆಯಲ್ಲಿ ಬರುತ್ತಿದ್ದವರು ರತ್ನಕ್ಕ ಒಬ್ಬರೇ. ದೀಪಾಂಜಲಿ ನಗರದಲ್ಲಿ ಮನೆ, ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲಿ ಕೆಲಸ. ಮದುವೆಯಾಗಿ ವರ್ಷವಾಗಿತ್ತು. ಲಾರಿ ಓಡಿಸುವ ಗಂಡನಿಗೆ ಕಾಯಿಲೆಯ ವಿಷಯ ಗೊತ್ತಿತ್ತು, ಅತ್ತೆಗೆ ಹೇಳಿರಲಿಲ್ಲ. ವಾರಕ್ಕೆ ಮೂರು ದಿನ, ಬೆಳಿಗ್ಗೆ ಏಳಕ್ಕೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಏಳು ಮಾತ್ರೆ ನುಂಗುತ್ತಿದ್ದರು. ನುಂಗಿ, "ಬಾಯಿ ತೊಳ್ಕೊಂಡ್ ಬರ್ತೀನಿ ಟೀಚರ್" ಎಂದು ನಲ್ಲಿಯ ಕಡೆ ಹೋಗುತ್ತಿದ್ದರು. ಅಮ್ಮ ಅವರ ಕಾರ್ಡಿನಲ್ಲಿ ಗುರುತು ಹಾಕುತ್ತಿದ್ದಳು.

ಒಂದು ದಿನ ನನ್ನ ಬಿಲ್ಲೆ ನಲ್ಲಿಯ ಪಕ್ಕದ ದಾಸವಾಳದ ಕುಂಡದ ಹಿಂದೆ ಹೋಗಿ ಬಿತ್ತು. ಹುಡುಕಲು ಬಗ್ಗಿದರೆ ಕುಂಡದ ಮಣ್ಣು ಅಲ್ಲಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅರ್ಧ ಕರಗಿದ ಕೆಂಪು ಮಾತ್ರೆಯೊಂದು ಮಣ್ಣಿನಲ್ಲಿ ಅಂಟಿಕೊಂಡಿತ್ತು. ತಲೆ ಎತ್ತಿದೆ. ರತ್ನಕ್ಕ ನನ್ನನ್ನೇ ನೋಡುತ್ತಿದ್ದರು.

"ಅಮ್ಮಂಗೆ ಹೇಳ್ಬೇಡ ಕಣೇ ಸುಮಾ, ಕೈ ಮುಗೀತೀನಿ."

"ಯಾಕಕ್ಕಾ ಉಗೀತೀರಾ?"

"ಹೊಟ್ಟೆ ತೊಳಸುತ್ತೆ ಕಣೇ. ಮೊದ್ಲು ವಾಂತಿ ಮಾಡ್ದಾಗ ನಮ್ಮತ್ತೆ ಮೊಮ್ಮಗು ಬರುತ್ತೆ ಅಂತ ಬೀದಿಗೆಲ್ಲ ಸಿಹಿ ಹಂಚಿದ್ರು. ಅಲ್ಲ ಅಂತ ಗೊತ್ತಾದ್ಮೇಲೆ ಮಾತೇ ಆಡ್ತಿಲ್ಲ. ಇನ್ನೊಂದ್ಸಲ ವಾಂತಿ ಆದ್ರೆ ಡಾಕ್ಟ್ರ ಹತ್ರ ಎಳ್ಕೊಂಡ್ ಹೋಗ್ತಾರೆ. ಎಲ್ಲಾ ಗೊತ್ತಾಗ್ಬಿಡುತ್ತೆ."

ನಾನು ಅಮ್ಮನಿಗೆ ಹೇಳಲಿಲ್ಲ. ಒಂದಲ್ಲ, ನಾಲ್ಕು ಸಲ ಅವರು ಉಗಿಯುವುದನ್ನು ನೋಡಿಯೂ ಹೇಳಲಿಲ್ಲ. ಅಮ್ಮ ಕಾರ್ಡು ತೆಗೆದಾಗಲೆಲ್ಲ ನಾನು ಬಿಲ್ಲೆ ಹಿಡಿದು ಅಂಗಳದ ಆಚೆ ತುದಿಗೆ ಹೋಗುತ್ತಿದ್ದೆ. ರತ್ನಕ್ಕ ದಿನೇ ದಿನೇ ಇಳಿದುಹೋಗುತ್ತಿದ್ದರು. ಗೇಟಿನಿಂದ ಕಟ್ಟೆಗೆ ಬರುವಷ್ಟರಲ್ಲಿ ಏದುಸಿರು. ಒಂದು ಶುಕ್ರವಾರ ಕೆಮ್ಮು ಬಂದು, ಬಾಯಿಗೆ ಹಿಡಿದ ಕರ್ಚೀಫನ್ನು ಅವರು ಬೇಗ ಮಡಚಿದರು. ಅದರಲ್ಲಿದ್ದ ರಕ್ತವನ್ನು ನಾನು ನೋಡಿದೆ. ಅಮ್ಮ ಒಳಗೆ ನೀರು ತರಲು ಹೋಗಿದ್ದಳು.

ಸೋಮವಾರ ರತ್ನಕ್ಕ ಬರಲಿಲ್ಲ. ಎಂಟಾಯಿತು. ಅಮ್ಮ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಗೇಟನ್ನೇ ನೋಡುತ್ತಾ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಅಳುತ್ತಾ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಅವಳು ಕುಂಡದ ಹತ್ತಿರ ಹೋಗಿ ನೋಡಿ, ಹಣೆಗೆ ಕೈ ಹಚ್ಚಿ ನಿಂತಳು.

"ನಾನೇ ವಾಂತಿ ಆಗುತ್ತಾ ಅಂತ ಕೇಳ್ಬೇಕಿತ್ತು. ಚಪ್ಲಿ ಹಾಕ್ಕೋ, ನಡಿ."

ರತ್ನಕ್ಕನ ಮನೆಯ ಬಾಗಿಲಲ್ಲಿ ಅವರ ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಒಳಗೆ ಚಾಪೆಯ ಮೇಲೆ ರತ್ನಕ್ಕ ಮಲಗಿದ್ದರು.

"ಅಂಗನವಾಡಿಯಿಂದ ಬಂದಿದೀನಿ" ಎಂದಳು ಅಮ್ಮ.

"ಇವಳಿಗೆ ಮಗುನೇ ಇಲ್ಲ. ಅಂಗನವಾಡಿಯವ್ರಿಗೆ ಇಲ್ಲೇನ್ ಕೆಲ್ಸ?"

 ರೋಗಿಯೇ ಹೇಳಬೇಡಿ ಎಂದಿದ್ದ ವಿಷಯವನ್ನು ಅಮ್ಮ ಹೇಳುವಂತಿರಲಿಲ್ಲ. ನನ್ನ ಕೈಯನ್ನು ಅವಳು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಬೆರಳು ನೋಯುತ್ತಿತ್ತು. ಆಗ ಒಳಗಿನಿಂದ ರತ್ನಕ್ಕನ ದನಿ ಬಂತು.

"ನಂಗೆ ಟಿ.ಬಿ. ಅತ್ತೆ. ಅವತ್ತು ವಾಂತಿ ಆಗಿದ್ದು ಮಾತ್ರೆಯಿಂದ."

ಅತ್ತೆಯ ಕೈ ಸೊಪ್ಪಿನ ಮೇಲೇ ನಿಂತುಬಿಟ್ಟಿತು. "ಹೇಳ್ಬಾರ್ದಿತ್ತೇನೇ?" ಎಂದರು.  ಎದ್ದು ಹಿತ್ತಲಿಗೆ ಹೋದರು. ಅಮ್ಮ ರತ್ನಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಮತ್ತೆ ಕಫ ಪರೀಕ್ಷೆಯಾಯಿತು. ಎರಡು ತಿಂಗಳಿಗೆ ಮುಗಿಯಬೇಕಿದ್ದ ಏಳು ಮಾತ್ರೆಗಳ ಸರದಿ ಇನ್ನೊಂದು ತಿಂಗಳು ಮುಂದುವರಿಯಿತು. ಸ್ವಲ್ಪ ತಿಂದು ನುಂಗಿ, ವಾಂತಿಯಾದರೆ ಬಂದು ಹೇಳಿ, ನೀವಾಗಿಯೇ ಮಾತ್ರೆ ಬಿಡಬೇಡಿ ಎಂದರಂತೆ ಡಾಕ್ಟರು.

ಬುಧವಾರ ಏಳು ಗಂಟೆಗೆ ಗೇಟಿನಲ್ಲಿ ಇಬ್ಬರು ನಿಂತಿದ್ದರು. ಅತ್ತೆ ಮೂಗಿಗೆ ಸೆರಗು ಮುಚ್ಚಿಕೊಂಡು, ಕಂಕುಳಲ್ಲಿ ಟಿಫನ್ ಡಬ್ಬಿ ಹಿಡಿದಿದ್ದರು. ಸೊಸೆಯಿಂದ ಒಂದು ಮಾರು ದೂರ ಕೂತು ಡಬ್ಬಿ ತಳ್ಳಿದರು. ಬಿಸಿ ಇಡ್ಲಿಯ ವಾಸನೆ.

"ತಿನ್ನು ಮೊದ್ಲು."

ಏಳನೆಯ ಮಾತ್ರೆ ಇಳಿದ ಮೇಲೆ ಅಮ್ಮ ಏನಾದರೂ ಹೇಳುವಷ್ಟರಲ್ಲಿ ಅತ್ತೆಯೇ ಹೇಳಿದರು: "ಆ ಅನ್ನು. ನಾಲ್ಗೆ ಎತ್ತು."

ರತ್ನಕ್ಕ ನಾಲಿಗೆ ಎತ್ತಿಕೊಂಡೇ ನಕ್ಕರು, ಕಣ್ಣಲ್ಲಿ ನೀರಿತ್ತು. ದಸರಾ ಕಳೆದ ಮೇಲೆ ಕೊನೆಯ ಪರೀಕ್ಷೆಯಲ್ಲಿ ಕಫ ಸ್ವಚ್ಛವಾಗಿ ಬಂತು. ಆಮೇಲೆ ಅವರು ಕೆಂಗೇರಿಯ ಕಡೆ ಮನೆ ಬದಲಾಯಿಸಿದರು. ಮತ್ತೆ ನಾನವರನ್ನು ನೋಡಿಲ್ಲ.

ನಾನೀಗ ಇರುವುದು ಅಪಾರ್ಟ್‌ಮೆಂಟಿನಲ್ಲಿ. ಇಲ್ಲಿ ಎಲ್ಲರಿಗೂ ಮಾತ್ರೆಯ ಹೊತ್ತನ್ನು ಫೋನೇ ನೆನಪಿಸುತ್ತದೆ, ಒಳ್ಳೆಯದೇ. ಹೋದ ವರ್ಷ ಮೇಲಿನ ಮಹಡಿಯ ಒಬ್ಬರನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಅವರ ಹೆಂಡತಿ, "ಬೀಪಿ ಮಾತ್ರೆ ಬಿಟ್ಟು ಮೂರ್ ತಿಂಗ್ಳಾಗಿತ್ತಂತೆ, ನಂಗೂ ಹೇಳಿಲ್ಲ" ಎಂದು ಅಳುತ್ತಿದ್ದರು. ಆಕೆಯ ಗಂಡ ಮತ್ತೆ ಮನೆಗೆ ಬರಲಿಲ್ಲ. ಆ ಮೂರು ತಿಂಗಳೂ ದಿನಾ ಬೆಳಿಗ್ಗೆ ಅವರೂ ನಾನೂ ಒಂದೇ ಲಿಫ್ಟಿನಲ್ಲಿ ಇಳಿದಿದ್ದೆವು. ಅವರ ಮುಖ ಊದಿಕೊಂಡಿದ್ದನ್ನು ನಾನು ನೋಡಿದ್ದೆ. ಹುಷಾರಾಗಿದೀರಾ ಎಂದು ಕೇಳುವಷ್ಟು ಸಲಿಗೆ ನಮ್ಮ ನಡುವೆ ಇರಲಿಲ್ಲ.