ಅಳತೆಯ ನಡುವೆ ಬೆಲ್ಲ

ಫೆಬ್ರವರಿಯ ಎರಡನೇ ಮಂಗಳವಾರ, ಬೆಳಿಗ್ಗೆ ಹತ್ತೂವರೆ. ಚಚಡಿ ಹತ್ತಿರದ ಒಂದು ಜೋಳದ ಹೊಲ. ಹಾಜರಿದ್ದವರು ಮೂವರು: ಗಡಿಯ ತಕರಾರು ತೆಗೆದಿದ್ದ ಅಣ್ಣ, ಅವನ ತಮ್ಮ, ಅಳೆಯಲು ಹೋದ ನಾನು.

ಪರವಾನಗಿ ಪಡೆದ ಭೂಮಾಪಕನಾಗಿ ನನ್ನದೊಂದು ನಿಯಮವಿದೆ. ಗಡಿಯ ಬಾಂದು ಕಲ್ಲು ನೆಡುವ ತನಕ ಯಾವ ಪಕ್ಷದವರ ಕೈಯಿಂದಲೂ ಏನನ್ನೂ ಮುಟ್ಟುವುದಿಲ್ಲ, ನೀರು ಕೂಡ. ಚಹಾ ಕುಡಿದರೆ ಗಡಿ ಒಂದು ಗೇಣು ಸರಿಯಿತು ಎನ್ನುವ ಜನ ನಮ್ಮವರು. ಸಕ್ಕರೆ ಕಾಯಿಲೆಯ ವಿಷಯದಲ್ಲೂ ಅಷ್ಟೇ ಕಟ್ಟುನಿಟ್ಟು: ಎಂಟಕ್ಕೆ ಬೈಲಹೊಂಗಲದ ಮನೆಯಲ್ಲಿ ಇನ್ಸುಲಿನ್, ಎಂಟೂಕಾಲಿಗೆ ರೊಟ್ಟಿ, ಒಂದಕ್ಕೆ ಊಟ.

ಆ ದಿನ ಅಳತೆ ಸರಪಳಿಯ ಒಂದೊಂದು ತುದಿ ಹಿಡಿದ ಅಣ್ಣತಮ್ಮಂದಿರು ಹೆಜ್ಜೆಹೆಜ್ಜೆಗೂ ಜಗಳವಾಡಿದರು. ಒಂದೂಮುಕ್ಕಾಲಾಯಿತು. ನನ್ನ ಬುತ್ತಿ, ಗ್ಲೂಕೋಸ್ ಪುಡಿ ಎರಡೂ ರಸ್ತೆ ಬದಿಯ ಬೈಕಿನಲ್ಲಿದ್ದವು. ಮರುದಿನ ರಾಮದುರ್ಗ, ಅದರ ಮರುದಿನ ಮುನವಳ್ಳಿ, ಕೆಲಸ ಉಳಿಸುವಂತಿರಲಿಲ್ಲ. ಇನ್ನೊಂದು ಬದು ಮುಗಿಸಿಯೇ ಉಣ್ಣೋಣವೆಂದುಕೊಂಡೆ. ಅದೇ ತಪ್ಪು.

ಜೋಳದ ಸದ್ದು ನಿಂತಿತು. ಗಾಳಿಗೆ ದಂಟು ಅಲುಗುತ್ತಲೇ ಇದ್ದವು, ಸದ್ದು ಮಾತ್ರ ಇಲ್ಲ. ಬದುವಿನ ಕೊನೆಯಲ್ಲಿ ಬಿಳಿ ಅಂಗಿಯವನೊಬ್ಬ ನನಗೆ ಬೆನ್ನು ಹಾಕಿ ನಿಂತು ಪುಸ್ತಕದಲ್ಲಿ ಬರೆಯುತ್ತಿದ್ದ, ಅಳತೆ ಕೂಗುತ್ತಿದ್ದ. ದನಿ ನನ್ನದು. ನನ್ನ ತುಟಿ ಅಲುಗಿರಲಿಲ್ಲ. ಅವನು ಇತ್ತ ತಿರುಗದಿರಲಿ ಎಂಬುದೊಂದೇ ಯೋಚನೆ.

ಆಮೇಲೆ ನಾನು ನೆಲದ ಮೇಲಿದ್ದೆ. ಅಣ್ಣ ತನ್ನ ಬುತ್ತಿಗಂಟಿನ ಬೆಲ್ಲದ ಚೂರು ಹಿಡಿದು ಕೂತಿದ್ದ.

"ಬಾಯಿ ತಗೀರಿ ಸಾಹೇಬ್ರ. ನಮ್ಮವ್ವಗೂ ಹಿಂಗ ಆಗತಿತ್ತು."

ಮೈಯೆಲ್ಲ ಬೆವರು, ನಡುಕ. ಆದರೂ ತಲೆಯಾಡಿಸಿದೆ. "ಕೆಲಸ ಮುಗಿದಿಲ್ಲ. ಯಾರದೂ ಬೇಡ."

"ಅಂವಂದ ತಿನ್ರಿ, ನಾ ಒಪ್ಪೇನಿ!" ತಮ್ಮ ಕೂಗಿದ. "ನೀವು ಹೋಗಿಬಿಟ್ರ ಮತ್ತ ಅರ್ಜಿ ಕೊಟ್ಟು ಆರ್ ತಿಂಗಳ ಕಾಯೋರ್ಯಾರು?"

ಅಂದವನೇ ನನ್ನ ಗದ್ದ ಹಿಡಿದ. ಅಣ್ಣ ಬೆಲ್ಲ ಇಟ್ಟ. ನುಂಗಿದೆ.

ಕಾಲು ಗಂಟೆಗೆ ನಡುಕ ನಿಂತಿತು. ತಮ್ಮ ಬೈಕಿನಿಂದ ಬುತ್ತಿ ತಂದ, ಉಂಡೆ. ನನ್ನ ಅಳತೆ ಪುಸ್ತಕ ತೆರೆದರೆ ಆರು ಅಳತೆಗಳು ಹೊಸದಾಗಿ ಕಂಡವು. ನನ್ನದೇ ಅಕ್ಷರ, ಒಂದೂ ಓರೆಯಿಲ್ಲ. ಒಂದೂ ನೆನಪಿಲ್ಲ.

"ಇವನ್ನ ಯಾರು ಬರದ್ರು?"

"ನೀವ ಒದರಿದ್ರಿ, ನೀವ ಬರಕೊಂಡ್ರಿ," ಎಂದ ಅಣ್ಣ. "ನಾವು ಬರೇ ಸರಪಳಿ ಜಗ್ಗೀವಿ. ಆ ಕಡಿ ಯಾರನ್ನ ನೋಡಾಕ ಹತ್ತಿದ್ರಿ?"

ಆರನ್ನೂ ಗೆರೆ ಎಳೆದು ಹೊಡೆದುಹಾಕಿ, ಆ ಬದುವನ್ನು ಮೊದಲಿನಿಂದ ಅಳೆದೆ. ಆರೂ ಅವೇ ಬಂದವು, ಒಂದು ಬೆರಳೂ ಆಚೀಚೆ ಇಲ್ಲ. ಒಂದಾದರೂ ತಪ್ಪಿದ್ದರೆ ನೆಮ್ಮದಿಯಾಗುತ್ತಿತ್ತು.

ಕಲ್ಲು ನೆಡಿಸಿ ಮಣ್ಣು ಗುದ್ದಿಸಿದೆ. ಷರಾ ಎಂಬಲ್ಲಿ ಬರೆದೆ: "ಅಳತೆಯ ನಡುವೆ ಭೂಮಾಪಕನು ಒಂದನೇ ಪಕ್ಷದವರ ಬೆಲ್ಲ ತಿಂದಿರುತ್ತಾನೆ. ಎರಡನೇ ಪಕ್ಷದವರ ಒಪ್ಪಿಗೆ ಇರುತ್ತದೆ." ಇಬ್ಬರೂ ಓದಿ ರುಜು ಹಾಕಿದರು. ನಾಲ್ಕೂ ಹತ್ತಕ್ಕೆ ಸರಪಳಿ ಮಡಚಿ ಚೀಲಕ್ಕೆ ಹಾಕಿದೆ.